ಹುಲಿ ನೋಡೋಕೆ ಎಷ್ಟು ಖರ್ಚು? ಟಿಕೆಟ್ಟಿನ ಹಿಂದಿನ ಕಥೆ

ಈ ಸಲ ಬೆಳೆ, ಗೊಬ್ಬರ, ಬೋರ್‌ವೆಲ್ ವಿಷಯ ಬಿಟ್ಟು ಬೇರೆ ಒಂದು ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಓದಿ.

ಸಂಕ್ರಾಂತಿ ಕಳೆದು ರಾಗಿ ಒಕ್ಕಣೆ ಮುಗಿದಿತ್ತು. ನಮ್ಮ ಅಮ್ಮನಿಗೆ ಈಗ ಎಪ್ಪತ್ತಾರು. ಪುಣ್ಯಕೋಟಿ ಕಥೆ ಹೇಳಿ ನನ್ನನ್ನ ಮಲಗಿಸಿದಳು, ನನ್ನ ಮಕ್ಕಳನ್ನ ಮಲಗಿಸಿದಳು, ಈಗ ಮರಿಮಕ್ಕಳನ್ನ ಮಲಗಿಸ್ತಾಳೆ. ಒಂದು ರಾತ್ರಿ ಏಳು ವರ್ಷದ ಮರಿಮಗ ಕೇಳಿದ, "ದೊಡ್ಡಜ್ಜಿ, ನೀನು ನಿಜವಾದ ಹುಲಿ ನೋಡಿದ್ದೀಯಾ?" ಅಮ್ಮ ಸುಮ್ಮನಾದಳು. ಆಮೇಲೆ, "ಇಲ್ಲ ಕಣಪ್ಪ, ಕ್ಯಾಲೆಂಡರಲ್ಲಿ ನೋಡಿದ್ದೀನಿ" ಅಂದಳು. ಮೂರು ತಲೆಮಾರಿಗೆ ಹುಲಿ ಕಥೆ ಹೇಳಿದವಳು ಹುಲಿ ನೋಡಿಲ್ಲ. ಆ ಮಾತು ನನ್ನ ತಲೆಯಲ್ಲಿ ಕೂತುಬಿಡ್ತು.

ಬನ್ನೇರುಘಟ್ಟಕ್ಕೆ ಹೋಗಿ ಬರೋಣ ಅಂತ ಲೆಕ್ಕ ಹಾಕಿದೆ. ಅಮ್ಮ, ನಮ್ಮನೆಯವಳು, ಮಗ, ಸೊಸೆ, ಎರಡು ಮಕ್ಕಳು, ನಾನು, ಒಟ್ಟು ಏಳು ಜನ. ಭಾನುವಾರ ದರ ಜಾಸ್ತಿ, ವಾರದ ದಿನ ಕಡಿಮೆ ಅಂತ ಮಗ ಫೋನಲ್ಲಿ ನೋಡಿ ಹೇಳಿದ. ಸರಿ, ಮಂಗಳವಾರ ನನಗೂ ಮಾರ್ಕೆಟ್ಟಿಗೆ ಸೊಪ್ಪು ಹಾಕೋದು ಇರಲಿಲ್ಲ. ಹುಡುಗನಿಗೆ ಶಾಲೆಗೆ ಒಂದು ದಿನ ರಜೆ ಹಾಕಿಸಿ, ಹೊಸಕೋಟೆ ಕಡೆಯಿಂದ ಒಂದು ಗಾಡಿ ಬಾಡಿಗೆಗೆ ಮಾಡ್ಕೊಂಡು ಹೊರಟ್ವಿ. ಎರಡೂವರೆ ಗಂಟೆ ಟ್ರಾಫಿಕ್ಕಲ್ಲಿ ಕೂತು ಗೇಟಿನ ಹತ್ತಿರ ಇಳಿದರೆ ಗೇಟು ಮುಚ್ಚಿದೆ! ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೆ ಮಂಗಳವಾರ ವಾರದ ರಜೆ. ದರದ ಪಟ್ಟಿ ನೋಡಿದ ನಾವು ರಜೆ ದಿನ ನೋಡಿರಲಿಲ್ಲ. ತಪ್ಪು ಪೂರ್ತಿ ನಮ್ಮದೇ. ನಾಲ್ಕು ಕಾಸು ಉಳಿಸೋಕೆ ಹೋಗಿ ಗಾಡಿ ಬಾಡಿಗೆ, ತಿಂಡಿ ಎಲ್ಲ ಸೇರಿ 3,100 ರೂಪಾಯಿ ಕಳ್ಕೊಂಡೆ. ಅಷ್ಟು ದುಡ್ಡು ಬರಬೇಕಾದರೆ ಕೊತ್ತಂಬರಿ ಎಷ್ಟು ಕಟ್ಟು ಕಟ್ಟಬೇಕು ಅಂತ ಸೊಪ್ಪು ಬೆಳೆಯೋರಿಗೆ ನಾನು ಹೇಳಬೇಕಾಗಿಲ್ಲ.

ವಾಪಸ್ ಬರುವಾಗ ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ. ಅಮ್ಮನೇ ಹೇಳಿದಳು, "ಬುತ್ತಿ ಐತೆ, ಎಲ್ಲಾದರೂ ಮರದ ಕೆಳಗೆ ಕೂತ್ಕೊಂಡು ಉಣ್ಣೋಣ." ಹಾಗಾಗಿ ಕಬ್ಬನ್ ಪಾರ್ಕಲ್ಲಿ ಇಳಿದ್ವಿ. ಮಕ್ಕಳು ಹುಲ್ಲಲ್ಲಿ ಓಡಾಡಿದವು, ಅಮ್ಮ ಒಂದು ದೊಡ್ಡ ಮರದ ಬುಡಕ್ಕೆ ಒರಗಿ ಕೂತಳು. ಮುದ್ದೆ ಅಲ್ಲ, ಚಿತ್ರಾನ್ನ, ಮೊಸರನ್ನ. ಊಟ ಆದ ಮೇಲೆ ಹುಡುಗ ಕೇಳಿದ, "ತಾತ, ಇಲ್ಲಿ ಯಾಕೆ ಟಿಕೆಟ್ ಇಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂವತ್ತು ವರ್ಷದಿಂದ ಶಿವಾಜಿನಗರದ ಮಾರ್ಕೆಟ್ಟಿಗೆ ಬೆಳಗಿನ ಜಾವ ಸೊಪ್ಪು ಹಾಕಿ, ಕೈಕಾಲು ತೊಳೆದು, ವಾಪಸ್ ಬಸ್ಸಿಗೆ ಹೊತ್ತಿದ್ದರೆ ಇದೇ ಪಾರ್ಕಿಗೆ ನಡೆದು ಬಂದು ಕೂತಿದ್ದೀನಿ. ಎಷ್ಟೋ ಸಲ ಬೆಂಚಿನ ಮೇಲೆ ನಿದ್ದೆ ಮಾಡಿದ್ದೀನಿ. ಒಂದು ಸಲವೂ ಯಾಕೆ ಬಿಟ್ಟಿ ಅಂತ ಯೋಚನೆ ಮಾಡಿರಲಿಲ್ಲ. ಆ ಪ್ರಶ್ನೆ ಹಿಡ್ಕೊಂಡು ಎರಡು ವಾರ ಓದಿದೆ, ಹಿರಿಯರನ್ನ ಕೇಳಿದೆ. ನನಗೆ ತಿಳಿದದ್ದು ಇಷ್ಟು.

ಮೊದಲು ದಂಡಿನ ಕಥೆ. 1799ರಲ್ಲಿ ಟಿಪ್ಪು ಸುಲ್ತಾನ್ ಬಿದ್ದ ಮೇಲೆ ಇಂಗ್ಲಿಷರ ಸೈನ್ಯ ಶ್ರೀರಂಗಪಟ್ಟಣದಲ್ಲಿ ಇತ್ತು. ಅಲ್ಲಿ ಜ್ವರದ ಕಾಟ. ಅದಕ್ಕೆ 1809ರ ಹೊತ್ತಿಗೆ ಸೈನ್ಯವನ್ನ ಬೆಂಗಳೂರಿಗೆ ತಂದು ಹಲಸೂರಿನ ಮಗ್ಗುಲಲ್ಲಿ ನೆಲೆ ಮಾಡಿದರು. ಅದೇ ಕಂಟೋನ್ಮೆಂಟು. ನಮ್ಮ ಜನ ಅದಕ್ಕೆ ದಂಡು ಅಂದರು. ಈಗಲೂ ರೈಲ್ವೆ ಸ್ಟೇಷನ್ನಿಗೆ ದಂಡು ಅಂತಲೇ ಹೆಸರು. ಪಡುವಣಕ್ಕೆ ಕೆಂಪೇಗೌಡರು ಕಟ್ಟಿದ ಪೇಟೆ, ಮೂಡಣಕ್ಕೆ ದಂಡು. ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ, 1862ರಿಂದ. 1881ರಲ್ಲಿ ಮೈಸೂರು ರಾಜ್ಯವನ್ನ ಒಡೆಯರಿಗೆ ವಾಪಸ್ ಕೊಟ್ಟಾಗಲೂ ದಂಡು ಪ್ರದೇಶವನ್ನ ಇಂಗ್ಲಿಷರು ತಮ್ಮ ಕೈಯಲ್ಲೇ ಇಟ್ಕೊಂಡರು. 1947ರಲ್ಲಿ ಅದು ಮೈಸೂರಿಗೆ ಬಂತು, 1949ರಲ್ಲಿ ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಯ್ತು. ಅಂದರೆ ನಮ್ಮ ತಾತ ಹೊಸಕೋಟೆ ಕಡೆಯಿಂದ ಗಾಡಿ ಹೊಡ್ಕೊಂಡು ಕೆ.ಆರ್. ಪುರ, ಹಲಸೂರು ದಾಟಿ ಪೇಟೆಗೆ ಹೋಗಬೇಕಾದರೆ ಎರಡು ಸರ್ಕಾರದ ನೆಲ ತುಳೀಬೇಕಿತ್ತು!

ಆ ಎರಡರ ನಡುವೆ ಬಯಲಿತ್ತು. ಅಲ್ಲಿ ಸರ್ಕಾರದ ಹದಿನೆಂಟು ಇಲಾಖೆಗೆ ಒಂದು ದೊಡ್ಡ ಕಟ್ಟಡ ಕಟ್ಟಿದರು, 1864ರಿಂದ 1868ರವರೆಗೆ. ಅದೇ ಕೆಂಪು ಬಣ್ಣದ ಅಠಾರ ಕಚೇರಿ, ಈಗಿನ ಹೈಕೋರ್ಟು. ಅದರ ಸುತ್ತಲ ಬಯಲನ್ನ ಉದ್ಯಾನ ಮಾಡಿದವರು ರಾಜ್ಯದ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ. ಮಲ್ಲೇಶ್ವರದ ಹತ್ತಿರ ಸ್ಯಾಂಕಿ ಕೆರೆ ಇದೆಯಲ್ಲ, ಅದೇ ಸ್ಯಾಂಕಿ. 1870ರಲ್ಲಿ ಉದ್ಯಾನ ಆಯ್ತು. ಆಗ ಅದು ನೂರು ಎಕರೆ, ಆಮೇಲೆ ಮುನ್ನೂರರ ಹತ್ತಿರ ಬೆಳೆಯಿತು. ಮೊದಲು ಕಮಿಷನರ್ ಮೀಡ್ ಹೆಸರಲ್ಲಿ ಮೀಡ್ಸ್ ಪಾರ್ಕ್ ಅಂತ ಇತ್ತು, ಆಮೇಲೆ ಅವರಿಗಿಂತ ಹಿಂದೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಹೆಸರು ಬಂತು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನ ಅಂತ ಹೆಸರಿಟ್ಟರು. ಜನದ ಬಾಯಲ್ಲಿ ಉಳಿದದ್ದು ಕಬ್ಬನ್ನೇ.

ಈಗ ಹುಡುಗನ ಪ್ರಶ್ನೆಗೆ ಬರೋಣ. ಇಲ್ಲಿ ಯಾಕೆ ಟಿಕೆಟ್ ಇಲ್ಲ? ನನ್ನ ಲೆಕ್ಕ ಹೀಗೆ. ಈ ಉದ್ಯಾನ ಹುಟ್ಟಿದ್ದೇ ಕಚೇರಿಯ ಅಂಗಳವಾಗಿ, ಪೇಟೆಗೂ ದಂಡಿಗೂ ನಡುವಿನ ದಾರಿಯಾಗಿ. ನಾಲ್ಕು ದಿಕ್ಕಿನಿಂದ ರಸ್ತೆ ಬಂದು ಅದರೊಳಗೆ ಸೇರುತ್ತೆ. ಅರ್ಜಿ ಹಿಡ್ಕೊಂಡು ಕಚೇರಿಗೆ ಬರೋ ರೈತನ ಹತ್ತಿರ ಪಾರ್ಕಿನ ಟಿಕೆಟ್ ಕೇಳೋಕಾಗುತ್ತಾ? ದಾರಿಗೆ ಟಿಕೆಟ್ ಹಾಕೋದು ಕಷ್ಟ. ಲಾಲ್‌ಬಾಗ್ ಹಾಗಲ್ಲ. ಅದು 1760ರಲ್ಲಿ ಹೈದರಾಲಿ ಹಾಕಿಸಿದ ಅರಸರ ತೋಟ. ಈಗ 240 ಎಕರೆ, ಸುತ್ತ ಕಾಂಪೌಂಡು, ಎಣಿಸಿದ ಹಾಗೆ ಗೇಟುಗಳು. ಗೇಟು ಇದ್ದ ಕಡೆ ಟಿಕೆಟ್ ಕೌಂಟರ್ ಇಡಬಹುದು. ಆದರೂ ಅಲ್ಲಿ ಬೆಳಗ್ಗೆ ವಾಕಿಂಗ್ ಹೋಗೋರನ್ನ ಟಿಕೆಟ್ ಇಲ್ಲದೇ ಬಿಡೋ ರೂಢಿ ಬಹಳ ಕಾಲದಿಂದ ಇದೆ. ಬೇಗ ಎದ್ದವನಿಗೆ ಬಿಟ್ಟಿ, ತಡವಾಗಿ ಬಂದವನಿಗೆ ಟಿಕೆಟ್. ರೈತನಿಗೆ ಇದಕ್ಕಿಂತ ಒಳ್ಳೆ ರೂಲ್ಸು ಯಾವುದಿದೆ ಹೇಳಿ.

ಬಿಟ್ಟಿ ಅಂದ ಮಾತ್ರಕ್ಕೆ ತಾನಾಗೇ ಉಳಿದದ್ದಲ್ಲ. ಕಬ್ಬನ್ ಪಾರ್ಕಲ್ಲಿ ಕಟ್ಟಡದ ಮೇಲೆ ಕಟ್ಟಡ ಏಳೋಕೆ ಶುರುವಾದಾಗ, 1975ರಲ್ಲಿ ಸರ್ಕಾರಿ ಉದ್ಯಾನಗಳ ಸಂರಕ್ಷಣೆಗೆ ರಾಜ್ಯದಲ್ಲಿ ಕಾನೂನು ಬಂತು. ಕಬ್ಬನ್ ಪಾರ್ಕು, ಲಾಲ್‌ಬಾಗು ಎರಡೂ ಅದರ ಆಸರೆಯಲ್ಲೇ ಇವೆ. 1998ರಲ್ಲಿ ಕಬ್ಬನ್ ಪಾರ್ಕಿನ ಒಂದಷ್ಟು ಜಾಗವನ್ನ ಆ ರಕ್ಷಣೆಯಿಂದ ಹೊರಗೆ ಹಾಕೋಕೆ ಹೊರಟಾಗ ಊರಿನ ಜನ ಬೀದಿಗಿಳಿದರು, ಕೋರ್ಟಿಗೆ ಹೋದರು. ನಾನು ಆ ವರ್ಷವೂ ಸೊಪ್ಪು ಹಾಕಿ ಅಲ್ಲೇ ನಿದ್ದೆ ಮಾಡ್ತಿದ್ದೆ. ನನ್ನ ಬೆಂಚು ಉಳಿಸೋಕೆ ಯಾರೋ ಬಿಸಿಲಲ್ಲಿ ನಿಂತಿದ್ದರು ಅಂತ ಗೊತ್ತಾದದ್ದು ಈಗ.

ಇನ್ನು ಕಾಡಿನ ಕಥೆ. ಮೈಸೂರು ರಾಜ್ಯದ ಅರಣ್ಯ ಇಲಾಖೆ ಶುರುವಾದದ್ದೂ 1864ರಲ್ಲೇ, ಅಠಾರ ಕಚೇರಿಗೆ ಕೈ ಹಾಕಿದ ವರ್ಷವೇ. ಅಲ್ಲಿಗೆ ಮುಂಚೆ ಕಾಡು ಅಂದರೆ ಹಳ್ಳಿಯ ಹಿತ್ತಲಿದ್ದ ಹಾಗೆ. ಸೌದೆ, ಸೊಪ್ಪು, ಜೇನು, ನೇಗಿಲಿಗೆ ಮರ. ಇಲಾಖೆ ಬಂದ ಮೇಲೆ ಒಂದೊಂದಕ್ಕೂ ಲೆಕ್ಕ. ಹಸು, ಎಮ್ಮೆ, ಮೇಕೆ ಕಾಡಿಗೆ ಬಿಟ್ಟರೆ ತಲೆಗೆ ಇಷ್ಟು ಅಂತ ಮೇವಿನ ಹಣ ಕಟ್ಟಬೇಕಿತ್ತು. ಹಳಬರು ಅದಕ್ಕೆ ಪುಲ್ಲರಿ ಅಂತಿದ್ದರು. ಗಮನಿಸಿ, ದನ ಕಾಯೋ ಹುಡುಗನಿಗೆ ಟಿಕೆಟ್ ಇಲ್ಲ, ಅವನು ಹೊಡ್ಕೊಂಡು ಹೋದ ದನಕ್ಕೆ ಟಿಕೆಟ್. ಕಾಡಿನ ಮೊದಲ ಪ್ರವೇಶ ಶುಲ್ಕ ಕಟ್ಟಿದ್ದು ನಮ್ಮ ಹಸುಗಳು.

ಊರಿನ ಸುಂಕವೂ ಇದೇ ಥರ. ನಮ್ಮ ಅಪ್ಪ ಎತ್ತಿನಗಾಡಿಯಲ್ಲಿ ಬೆಲ್ಲ ಹಾಕ್ಕೊಂಡು ಬೆಂಗಳೂರಿಗೆ ಹೋಗ್ತಿದ್ದಾಗ ಸುಂಕದ ಕಟ್ಟೆಯಲ್ಲಿ ನಿಲ್ಲಿಸ್ತಿದ್ದರಂತೆ. ಹೊರೆಗೆ ಸುಂಕ, ಬರಿಗೈಲಿ ನಡೆದವನಿಗೆ ಇಲ್ಲ. ಹಲಸೂರು ಕೆರೆಯಲ್ಲಿ ಎತ್ತಿಗೆ ನೀರು ಕುಡಿಸಿ, ಮುಖ ತೊಳೆದು ಮುಂದೆ ಹೋಗ್ತಿದ್ದರಂತೆ, ಅದಕ್ಕೆ ದುಡ್ಡಿಲ್ಲ. ಈಗ ಆ ಕೆರೆಗೆ ಬೇಲಿ ಬಿದ್ದಿದೆ, ದೋಣಿಗೆ ಟಿಕೆಟ್ ಇದೆ. ಆಕ್ಟ್ರಾಯ್ ಅನ್ನೋ ಆ ಸುಂಕ ನಮ್ಮ ರಾಜ್ಯದಲ್ಲಿ 1979ರಲ್ಲಿ ರದ್ದಾಯ್ತು. ಇಂದಿರಾನಗರ, ಕೆ.ಆರ್. ಪುರ ಈಗ ಊರಿನ ಒಳಗೇ ಸೇರಿಹೋಗಿವೆ, ಎಲ್ಲಿ ಊರು ಶುರುವಾಗುತ್ತೆ ಅಂತ ಹೇಳೋಕೇ ಆಗಲ್ಲ.

ದೂರದ ಅಮೆರಿಕದಲ್ಲೂ ಇದೇ ಕಥೆ ಅಂತ ಓದಿ ಆಶ್ಚರ್ಯ ಆಯ್ತು. ಪ್ರಪಂಚದ ಮೊದಲ ರಾಷ್ಟ್ರೀಯ ಉದ್ಯಾನ ಅಂತ ಕರೆಯೋ ಯೆಲ್ಲೋಸ್ಟೋನ್ ಆದದ್ದು 1872ರಲ್ಲಿ. ಆದರೆ ಆ ದೇಶದ ಉದ್ಯಾನಗಳಲ್ಲಿ ಪ್ರವೇಶಕ್ಕೆ ಹಣ ಕೇಳೋಕೆ ಶುರು ಮಾಡಿದ್ದು 1908ರಲ್ಲಿ, ಮೌಂಟ್ ರೇನಿಯರ್ ಅನ್ನೋ ಕಡೆ. ಅದೂ ಯಾರಿಗೆ? ಮೋಟಾರು ಕಾರಿಗೆ. ಇಲ್ಲಿ ಹಸು, ಅಲ್ಲಿ ಕಾರು. ಟಿಕೆಟ್ಟು ಹುಟ್ಟಿದ್ದು ಮನುಷ್ಯನ ಮೇಲಲ್ಲ, ಅವನು ಜೊತೆಗೆ ತಂದದ್ದರ ಮೇಲೆ.

ನಮ್ಮ ರಾಜ್ಯಕ್ಕೆ ವಾಪಸ್ ಬರೋಣ. 1931ರಲ್ಲಿ ಮೈಸೂರು ಮಹಾರಾಜರು ಬಂಡೀಪುರದ ಕಡೆ 90 ಚದರ ಕಿಲೋಮೀಟರ್ ಕಾಡನ್ನ ವೇಣುಗೋಪಾಲ ವನ್ಯಜೀವಿ ಉದ್ಯಾನ ಅಂತ ಮಾಡಿದರು. 1973ರಲ್ಲಿ ಅದು ದೊಡ್ಡದಾಗಿ ಹುಲಿ ಯೋಜನೆಗೆ ಸೇರಿತು. ನಡುವೆ 1972ರಲ್ಲಿ ದೇಶಕ್ಕೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತ್ತು. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ ಅಂತ ಘೋಷಣೆ ಆದದ್ದು 1974ರಲ್ಲಿ. ಈಗ ರಾಜ್ಯದಲ್ಲಿ ಐದು ರಾಷ್ಟ್ರೀಯ ಉದ್ಯಾನ ಇವೆ. ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ.

ಆ ಕಾಯ್ದೆಯಲ್ಲಿ ಎರಡು ಸೆಕ್ಷನ್ ನಮಗೆ ಮುಖ್ಯ. ಸೆಕ್ಷನ್ 28 ಹೇಳುತ್ತೆ, ಅಧ್ಯಯನ, ಫೋಟೋ, ಪ್ರವಾಸ ಇಂಥದ್ದಕ್ಕೆ ಅನುಮತಿ ಪಡೆದು ಶುಲ್ಕ ಕಟ್ಟಿ ಒಳಗೆ ಹೋಗಬಹುದು ಅಂತ. ನಾವು ಕಟ್ಟೋ ಟಿಕೆಟ್ಟಿನ ಬೇರು ಅದು. ಅದಕ್ಕಿಂತ ಮೊದಲಿನ ಸೆಕ್ಷನ್ 27 ಯಾರು ಯಾರು ಆ ಅನುಮತಿ ಇಲ್ಲದೇ ಒಳಗಿರಬಹುದು ಅಂತ ಪಟ್ಟಿ ಕೊಡುತ್ತೆ. ಅದರಲ್ಲಿ ಒಬ್ಬ, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದು ಹೋಗುವವ. ನೋಡಿದ್ರಾ? ಕಬ್ಬನ್ ಪಾರ್ಕಿನ ಕಥೆಯೇ ಇಲ್ಲೂ ಇದೆ. ದಾರಿಹೋಕನಿಗೆ ಟಿಕೆಟ್ ಇಲ್ಲ.

ಇದನ್ನ ಓದಿದಾಗ ನನಗೆ ಹಳೆಯದೊಂದು ನೆನಪಾಯ್ತು. ಕೆಲವು ವರ್ಷದ ಹಿಂದೆ ಗುಂಡ್ಲುಪೇಟೆ ಕಡೆ ಸಂಬಂಧಿಕರ ಮದುವೆಗೆ ಹೋಗಿದ್ದಾಗ, ಊಟಿ ಕಡೆ ಹೋಗೋ ಸರ್ಕಾರಿ ಬಸ್ಸು ಹತ್ತಿದ್ದೆ. ಆ ಹೆದ್ದಾರಿ ಬಂಡೀಪುರದ ನಡುವೆಯೇ ಹೋಗುತ್ತೆ. ಕಿಟಕಿ ಪಕ್ಕ ಕೂತು ಜಿಂಕೆ ಹಿಂಡು ನೋಡಿದೆ, ನವಿಲು ನೋಡಿದೆ, ಮರಿ ಜೊತೆ ನಿಂತ ಆನೆ ನೋಡಿದೆ. ಖರ್ಚು ಬಸ್ ಟಿಕೆಟ್ ಅಷ್ಟೇ. ಹಿಮವದ್ ಗೋಪಾಲಸ್ವಾಮಿ ಬೆಟ್ಟವೂ ಹಾಗೇ. ಅದು ಬಂಡೀಪುರ ಕಾಡಿನ ಒಳಗೇ ಇದೆ. ಸ್ವಂತ ಗಾಡಿಯನ್ನ ಬುಡದಲ್ಲೇ ನಿಲ್ಲಿಸ್ತಾರೆ, ಮೇಲಕ್ಕೆ ಕೆಎಸ್‌ಆರ್‌ಟಿಸಿ ಬಸ್ಸು. ದೇವರ ದರ್ಶನಕ್ಕೆ ಹೋದವನಿಗೆ ಕಾಡಿನ ದರ್ಶನವೂ ಆಗುತ್ತೆ. ಆದರೆ ದಾರಿಹೋಕ ದಾರಿಹೋಕನ ಹಾಗೇ ಇರಬೇಕು. ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಇಳಿಯೋದು, ಪ್ರಾಣಿಗೆ ತಿಂಡಿ ಎಸೆಯೋದು, ಸೆಲ್ಫಿ ತೆಗೆಯೋದು ಮಾಡಿದರೆ ದಂಡವೂ ಬೀಳುತ್ತೆ, ಪ್ರಾಣವೂ ಹೋಗುತ್ತೆ. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಗಾಡಿ ಓಡಾಟಕ್ಕೆ ತಡೆ ಇದೆ. ಕತ್ತಲಲ್ಲಿ ಗಾಡಿಗೆ ಸಿಕ್ಕಿ ಪ್ರಾಣಿಗಳು ಸಾಯ್ತಿದ್ದವು, ಅದಕ್ಕೆ.

ಅಲ್ಲಿಗೆ ನನಗೆ ಎರಡು ಸೂತ್ರ ಸಿಕ್ಕವು. ಒಂದು, ಹಣ ಯಾವಾಗಲೂ ನಾವು ಜೊತೆಗೆ ಒಯ್ದದ್ದರ ಮೇಲೆ ಬೀಳುತ್ತೆ. ಹಿಂದೆ ಹಸು, ಹೊರೆ. ಈಗ ಕಾರಿನ ಪಾರ್ಕಿಂಗು, ದೊಡ್ಡ ಕ್ಯಾಮೆರಾ, ಭಾನುವಾರದ ಗಡಿಬಿಡಿ. ಎರಡು, ದಾರಿ ಬಿಟ್ಟಿ. ಇವೆರಡನ್ನ ಹಿಡ್ಕೊಂಡು ಬನ್ನೇರುಘಟ್ಟಕ್ಕೆ ಇನ್ನೊಂದು ಸಲ ಹೋಗೋದು ಅಂತ ತೀರ್ಮಾನ ಮಾಡಿದೆ.

ಹೋಗೋ ಮುಂಚೆ ಇನ್ನೊಂದು ವಿಷಯ ತಿಳ್ಕೊಂಡೆ. ನಾವೆಲ್ಲ ಬನ್ನೇರುಘಟ್ಟ ನ್ಯಾಷನಲ್ ಪಾರ್ಕ್ ಟಿಕೆಟ್ ಅಂತೀವಲ್ಲ, ಅದು ರಾಷ್ಟ್ರೀಯ ಉದ್ಯಾನದ ಟಿಕೆಟ್ಟೇ ಅಲ್ಲ. 2002ರಲ್ಲಿ ಮೃಗಾಲಯ, ಸಫಾರಿ ಇರೋ ಭಾಗವನ್ನ ಬೇರೆ ಮಾಡಿ ಜೈವಿಕ ಉದ್ಯಾನ ಅಂತ ಮಾಡಿದರು. ಅದನ್ನ ನೋಡ್ಕೊಳ್ಳೋದು ಕರ್ನಾಟಕ ಮೃಗಾಲಯ ಪ್ರಾಧಿಕಾರ. ಚಿಟ್ಟೆ ಪಾರ್ಕು 2006ರಲ್ಲಿ ಬಂತು. ಹುಲಿ, ಸಿಂಹ ನೋಡೋದು ಇಲ್ಲಿ. ಅದರಾಚೆಗಿನ ನಿಜವಾದ ಕಾಡು ಬೇರೆ, ಆನೆಗಳು ಅಲ್ಲಿ. ಹಾಗಾಗಿ ಮೃಗಾಲಯ ಮಾತ್ರಾನಾ, ಸಫಾರಿಯೂ ಬೇಕಾ ಅಂತ ಮನೆಯಲ್ಲೇ ತೀರ್ಮಾನ ಮಾಡ್ಕೊಂಡು ಹೋದರೆ ಕೌಂಟರ್ ಮುಂದೆ ಗಾಬರಿಯಲ್ಲಿ ಎಲ್ಲಾ ಟಿಕೆಟ್ ತಗೊಳ್ಳೋದು ತಪ್ಪುತ್ತೆ.

ಎರಡು ವಾರ ಬಿಟ್ಟು ಒಂದು ಬುಧವಾರ ಹೊರಟ್ವಿ. ಈ ಸಲ ಕಾರಿಲ್ಲ. ಬಸ್ಸಲ್ಲಿ ಮೆಜೆಸ್ಟಿಕ್, ಅಲ್ಲಿಂದ 365 ನಂಬರ್ ಬಸ್ಸು. 2023ರ ಜೂನಿನಿಂದ ಶಕ್ತಿ ಯೋಜನೆ ಇದೆಯಲ್ಲ, ಅಮ್ಮ, ನಮ್ಮನೆಯವಳು, ಸೊಸೆ ಮೂವರಿಗೂ ಆಧಾರ್ ತೋರಿಸಿ ಶೂನ್ಯ ಟಿಕೆಟ್. ಎಸಿ ಬಸ್ಸಿಗೆ ಅದು ನಡೆಯಲ್ಲ, ಸಾಮಾನ್ಯ ಬಸ್ಸೇ ಹತ್ತಬೇಕು. ಬಸ್ಸಲ್ಲಿ ನಾನೊಂದು ಅವಮಾನ ಮಾಡ್ಕೊಂಡೆ. ಕಂಡಕ್ಟರ್ ಹುಡುಗನ ವಯಸ್ಸು ಕೇಳಿದಾಗ ಹಳೇ ಚಾಳಿ, "ಇನ್ನೂ ಆರು ತುಂಬಿಲ್ಲ ಸಾರ್" ಅಂದೆ. ಹುಡುಗ ಎದ್ದು ನಿಂತು, "ಇಲ್ಲ ತಾತ, ನನಗೆ ಏಳು!" ಅಂದ. ಇಡೀ ಬಸ್ಸು ನಕ್ಕಿತು. ಅರ್ಧ ಟಿಕೆಟ್ ತಗೊಂಡೆ. ಉಳಿತಾಯ ಬೇರೆ, ಕಳ್ಳಲೆಕ್ಕ ಬೇರೆ ಅಂತ ಏಳು ವರ್ಷದವನ ಹತ್ತಿರ ಪಾಠ ಆಯ್ತು.

ಗೇಟಿನ ಹೊರಗೆ ಬುತ್ತಿ ಬಿಚ್ಚಿ ಉಂಡು ಆಮೇಲೆ ಒಳಗೆ ಹೋದ್ವಿ. ಅಮ್ಮನಿಗೆ ಹಿರಿಯ ನಾಗರಿಕರ ದರ, ಹುಡುಗನಿಗೆ ಮಕ್ಕಳ ದರ. ಈ ಸಲ ಸರಿಯಾದ ವಯಸ್ಸೇ ಹೇಳಿದೆ. ಸಫಾರಿ ಬಸ್ಸಿಗೆ ಜಾಲರಿ ಕಿಟಕಿ. ಜಿಂಕೆ, ಕರಡಿ, ಸಿಂಹ ಆದ ಮೇಲೆ ಹುಲಿ ಬಂತು. ಬಂತು ಅಂದರೆ, ಅದು ಮರದ ನೆರಳಲ್ಲಿ ಮಲಗಿತ್ತು, ನಾವೇ ಅದರ ಹತ್ತಿರ ಹೋದದ್ದು. ಅಮ್ಮ ಜಾಲರಿಗೆ ಮುಖ ಒತ್ತಿ ನೋಡ್ತಾ ಕೂತಳು. ಮಾತಿಲ್ಲ. ಹುಲಿ ಒಂದು ಸಲ ತಲೆಯೆತ್ತಿ ಬಸ್ಸಿನ ಕಡೆ ನೋಡಿ ಮತ್ತೆ ಮಲಗಿತು. ಬಸ್ಸು ಮುಂದೆ ಹೋದ ಮೇಲೆ ಅಮ್ಮ ಕೇಳಿದಳು, "ದಿನಾ ಎಷ್ಟು ಮಾಂಸ ಬೇಕಾಗ್ತದೋ ಅದಕ್ಕೆ? ಯಾರು ಹಾಕ್ತಾರೆ?"

"ನಾವೇ ಅಮ್ಮ, ಈ ಟಿಕೆಟ್ಟಿನ ದುಡ್ಡಲ್ಲೇ" ಅಂದೆ.

ಅದು ನಿಜ. 2020ರಲ್ಲಿ ಕೊರೊನಾ ಬಂದು ಗೇಟು ಮುಚ್ಚಿದಾಗ ನಮ್ಮ ರಾಜ್ಯದ ಮೃಗಾಲಯಗಳು ಪ್ರಾಣಿಗಳನ್ನ ದತ್ತು ತಗೊಳ್ಳಿ, ದೇಣಿಗೆ ಕೊಡಿ ಅಂತ ಜನರನ್ನ ಕೇಳಬೇಕಾಯ್ತು. ಜನ ಬರದಿದ್ದರೂ ಹುಲಿಗೆ ಹಸಿವು ನಿಲ್ಲಲ್ಲ. ಬರಗಾಲದಲ್ಲಿ ಹಾಲು ಕೊಡದ ಹಸುವಿಗೆ ಮೇವು ತರೋ ಕಷ್ಟ ಗೊತ್ತಿರೋ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

"ಹಂಗಾದ್ರೆ ಟಿಕೆಟ್ಟು ದಂಡ ಅಲ್ಲ ಕಣೋ. ಹೋದ್ಸಲ ಕಾರಿಗೆ ಕೊಟ್ಟಿದ್ದು ದಂಡ" ಅಂದಳು ಅಮ್ಮ. ನಾನು ಎರಡು ವಾರ ಓದಿದ್ದನ್ನ ಅವಳು ಒಂದು ಮಾತಲ್ಲಿ ಹೇಳಿದಳು.

ಆ ದಿನ ಬಸ್ಸು, ಸಫಾರಿ, ಮಕ್ಕಳಿಗೆ ಐಸ್‌ಕ್ರೀಂ ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗೀತು. ಮೊದಲ ಸಲ ಏನೂ ನೋಡದೇ 3,100 ಹೋಗಿತ್ತು.

ಕೊನೆಗೆ ಒಂದು ಮಾತು. ಕಾಡಿಗೆ ನಮಗಿಂತ ಜಾಸ್ತಿ ಬೆಲೆ ಕಟ್ಟೋರು ಇನ್ನೊಬ್ಬರಿದ್ದಾರೆ, ಅವರ ಹೆಸರು ಯಾವ ದರದ ಪಟ್ಟಿಯಲ್ಲೂ ಇಲ್ಲ. ಬನ್ನೇರುಘಟ್ಟ ಕಾಡಿನ ಅಂಚಿನ ಆನೇಕಲ್, ಕನಕಪುರ ಕಡೆಯ ಹಳ್ಳಿಗಳ ರೈತರು. ರಾಗಿ ತೆನೆ ಬಲಿಯೋ ಹೊತ್ತಿಗೆ ಆನೆ ಬರುತ್ತೆ. ರಾತ್ರಿಯೆಲ್ಲ ಅಟ್ಟಣೆ ಮೇಲೆ ಕೂತು ಪಟಾಕಿ ಹೊಡೀತಾ ಕಾಯ್ತಾರೆ, ಆದರೂ ಕೆಲವು ಸಲ ಬೆಳಗ್ಗೆ ಹೊಲ ತುಳಿದುಹೋಗಿರುತ್ತೆ. ಜೀವವೂ ಹೋಗಿದೆ. ಅವರ ತಾತಂದಿರು ಹಸುವಿನ ತಲೆ ಲೆಕ್ಕದಲ್ಲಿ ಕಾಡಿಗೆ ಹಣ ಕಟ್ಟಿದರು, ಇವರು ರಾಗಿಯಲ್ಲಿ ಕಟ್ತಿದ್ದಾರೆ. ನಾವು ಟಿಕೆಟ್ಟಲ್ಲಿ ಐವತ್ತು ರೂಪಾಯಿ ಉಳಿಸೋ ಲೆಕ್ಕ ಹಾಕುವಾಗ ಆ ರೈತನಿಗೆ ಬೆಳೆ ಪರಿಹಾರ ಹೊತ್ತಿಗೆ ಸರಿಯಾಗಿ ಸಿಗಲಿ ಅಂತಲೂ ಕೇಳಬೇಕು. ಅವನ ಹೊಲದ ಪಕ್ಕ ಕಾಡು ಉಳಿದರೆ ತಾನೇ ನಮ್ಮ ಮೊಮ್ಮಕ್ಕಳಿಗೆ ನೋಡೋಕೆ ಏನಾದರೂ ಇರೋದು.

ಹೋಗೋರಿಗೆ ಅನುಕೂಲ ಆಗಲಿ ಅಂತ ನಾನು ಕಲಿತದ್ದನ್ನ ಚಿಕ್ಕದಾಗಿ ಬರೀತೀನಿ.

1. ದರಕ್ಕಿಂತ ಮೊದಲು ರಜೆ ದಿನ ನೋಡಿ. ಬನ್ನೇರುಘಟ್ಟಕ್ಕೆ ಮಂಗಳವಾರ ರಜೆ.

2. ಶನಿವಾರ, ಭಾನುವಾರ ಬಿಟ್ಟು ವಾರದ ದಿನ ಹೋಗಿ. ದರ ಆಗಾಗ ಬದಲಾಗುತ್ತೆ, ಹಿಂದಿನ ದಿನವೇ ಅವರ ವೆಬ್‌ಸೈಟಲ್ಲಿ ನೋಡ್ಕೊಳ್ಳಿ.

3. ಬಸ್ಸಲ್ಲಿ ಹೋಗಿ. ಬಾಡಿಗೆ, ಪಾರ್ಕಿಂಗ್ ಎರಡೂ ಉಳಿಯುತ್ತೆ. ಹೆಂಗಸರು ಆಧಾರ್ ಮರೀಬೇಡಿ.

4. ಹಿರಿಯರ ವಯಸ್ಸಿಗೆ ದಾಖಲೆ ಇಟ್ಕೊಳ್ಳಿ, ಮಕ್ಕಳ ವಯಸ್ಸು ನಿಜ ಹೇಳಿ. ಸುಳ್ಳು ಹೇಳಿದರೆ ಮಕ್ಕಳೇ ಹಿಡಿದು ಕೊಡ್ತಾರೆ.

5. ದುಡ್ಡೇ ಇಲ್ಲದ ದಿನ ಕಬ್ಬನ್ ಪಾರ್ಕಿಗೆ ಹೋಗಿ. ಕೆ.ಆರ್. ಪುರ, ಇಂದಿರಾನಗರ, ಹಲಸೂರು ಕಡೆಯವರಿಗೆ ಮೆಟ್ರೋ ಅದರ ಬಾಗಿಲಿಗೇ ಬಿಡುತ್ತೆ. ಹುಲಿ ಇಲ್ಲ, ಆದರೆ ನೆರಳಿದೆ.

ಮನೆಗೆ ಬಂದ ರಾತ್ರಿ ಅಮ್ಮ ಮತ್ತೆ ಪುಣ್ಯಕೋಟಿ ಕಥೆ ಹೇಳಿದಳು. ಹುಲಿ ಬರೋ ಜಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದಳು. ಆಮೇಲೆ ಹುಲಿ ಹೇಗೆ ತಲೆಯೆತ್ತಿ ನೋಡ್ತು ಅಂತ ತಾನು ಕಂಡದ್ದನ್ನೂ ಸೇರಿಸಿ ಹೇಳಿದಳು. ಹುಡುಗ, "ಹೌದು ದೊಡ್ಡಜ್ಜಿ, ಹಾಗೇ ನೋಡ್ತು" ಅಂದ.

ಮುಂದಿನ ವಾರ ಹಿಪ್ಪುನೇರಳೆ ತೋಟದ ನುಸಿ ವಿಷಯ ಬರೀತೀನಿ.